ಭಾನುವಾರದೊಳಗೆ ವಾಪಸ್

ಮೊದಲು ಫ್ಯಾನು ಆರಿಸಿದೆ. ಆಮೇಲೆ ಫ್ರಿಜ್ಜು.
ತೊಟ್ಟಿಕ್ಕುವ ನಲ್ಲಿಯ ಬಾಯಿಗೆ ಹಳೇ ಕಾಲುಚೀಲ ಕಟ್ಟಿದೆ.
ಬಳೆ ತೆಗೆದೆ, ಗಡಿಯಾರವನ್ನು ಅಕ್ಕಿ ಡಬ್ಬಿಯಲ್ಲಿ ಹೂತೆ.
ಪೆನ್ಷನ್ ಮೊಹಲ್ಲಾದಲ್ಲಿ ರಾತ್ರಿ ಒಂದೂವರೆ;
ಕಡೆಯ ನಾಯಿಯೂ ಬೊಗಳಿ ಮುಗಿಸಿತ್ತು.

ನುಡಿಸಿದೆ. ಕೇಳಿದೆ.
ಯಾರೋ ಬಚ್ಚಲಲ್ಲಿ ತಗಡಿನ ಡಬ್ಬ ಉಜ್ಜಿದ ಹಾಗಿತ್ತು.

ಹಗಲು ನಾನು ಡಿಪೋದಲ್ಲಿ
ಬಸ್ಸಿನ ಹೊಟ್ಟೆಯಡಿ ಮಲಗುವವಳು.
ಬೋಲ್ಟು ಸಡಿಲವೋ, ಬೇರಿಂಗ್ ಸವೆದಿದೆಯೋ,
ಅರಸೀಕೆರೆ ಗಾಡಿ ಗೇಟು ದಾಟುವ ಮೊದಲೇ ಹೇಳಿಬಿಡುತ್ತೇನೆ.
ನನ್ನದೇ ಗಿಟಾರು, ಸೀಮೆಎಣ್ಣೆಯಲ್ಲಿ ಗ್ರೀಸು ತೊಳೆದ ನನ್ನದೇ ಬೆರಳು,
ಎರಡು ನಿಮಿಷದ, ಮಾತಿಲ್ಲದ, ಹೆಸರಿಲ್ಲದ ಒಂದು ನುಡಿತ.
ರೋಗ ಎಲ್ಲಿ ಅಂತ ಮೂರು ವಾರ ತಿಳಿಯಲಿಲ್ಲ.
ಮೈಕು ರಂಧ್ರದ ಎದುರಿಗಿಟ್ಟರೆ ಗುಂಯ್ ಗುಂಯ್,
ದೂರ ಇಟ್ಟರೆ ಬರೀ ಗೋಡೆ,
ಬ್ರಿಜ್ಜಿನ ಹತ್ತಿರವೋ, ತಂತಿ
ನನ್ನ ಹಲ್ಲಿನ ಮೇಲೇ ನಡೆಯುತ್ತಿತ್ತು.

ಕೆಳಗೆ ಹಾಸಿಗೆ ಅಂಗಡಿಯ ದಸ್ತಗೀರ್ ಸಾಬರು
ಕರೆಂಟು ಬಿಲ್ಲು ಕೊಡಲು ಬಂದವರು
ಬಾಗಿಲಲ್ಲೇ ನಿಂತು ಒಂದು ಚಪ್ಪಾಳೆ ತಟ್ಟಿದರು.
ಕೋಣೆ ಟಂಗ್ ಅಂತ ತಿರುಗಿಸಿ ಕೊಟ್ಟಿತು.
"ಬರಿಗೊಡ ಕಣಮ್ಮ ಇದು. ನೀನು ಏನೇ ಹೇಳು,
ಮೊದಲು ತಂದೇ ಹೇಳ್ತದೆ.
ನಮ್ದು ಕಮಾನಿನ ಕಸುಬು. ನಲವತ್ತು ವರ್ಷ
ಹತ್ತಿ ಎಕ್ಕಿದೋನಿಗೆ ಇಷ್ಟು ಗೊತ್ತಾಗಲ್ವಾ?"

ಬಲಗಿವಿಯನ್ನು ಆ ಕಸುಬಿಗೇ ಕೊಟ್ಟುಬಿಟ್ಟಿದ್ದಾರೆ.
ಎಡಗಿವಿಯನ್ನು, ಗಿಟಾರಿನ ಕತ್ತು ಮೈಗೆ ಸೇರುವಲ್ಲಿಗೆ ತಂದು
ಒಂದು ಗೇಣು ಬಿಟ್ಟು, ಬಗ್ಗಿ ನಿಂತರು.
"ಹೊಟ್ಟೆ ಹತ್ರ ಹೋಗ್ಬೇಡ, ಅಲ್ಲಿ ಬರೀ ಗಾಳಿ.
ಇಲ್ಲಿಡು. ಇಲ್ಲಿ ಮಾತಾಡ್ತದೆ."

ಸಂಜೆ ಮೆಟ್ಟಿಲೇರಿ ಹಾಸಿಗೆಗಳು ಬಂದವು,
ಒಂದು, ಎರಡು, ಐದು.
ಹೊಸ ಹತ್ತಿ, ನೀಲಿ ಪಟ್ಟೆಯ ಬಟ್ಟೆ,
ಹೊಳೆನರಸೀಪುರದ ಮದುವೆ ಮನೆ ಆರ್ಡರು.
"ಭಾನುವಾರದೊಳಗೆ ವಾಪಸ್. ಕಾಫಿ ಚೆಲ್ಲಿದ್ರೆ ನಿಂದೇ."

ಐದನ್ನೂ ನಿಲ್ಲಿಸಿದೆ. ಸದ್ದು ಸತ್ತೇಹೋಯಿತು,
ಕಂಬಳಿಯೊಳಗೆ ಬಾಯಿ ಹುದುಗಿಸಿ ತಪ್ಪೊಪ್ಪಿಕೊಂಡ ಹಾಗೆ.
ಎರಡನ್ನು ಮಲಗಿಸಿದೆ.
ಎದುರು ಗೋಡೆಗೆ ಉಸಿರು ಬಂತು.

ಬಿ.ಎಂ. ರಸ್ತೆಯ ಲಾರಿಗಳು ತೆಳುವಾಗುವವರೆಗೆ ಕಾದು
ನುಡಿಸುತ್ತ ಕೂತರೆ, ಆಗ ಅದು:
ದಪ್ಪದಿಂದ ಎರಡನೇ ತಂತಿ ಮುಟ್ಟಿದಾಗೆಲ್ಲ
ಹಿಂದೆ ಏನೋ, ಬಹಳ ಮೆಲ್ಲಗೆ, ಹೂಂಗುಟ್ಟುತ್ತಿತ್ತು.
ಕಿಟಕಿ ಗಾಜು ಒತ್ತಿ ಹಿಡಿದೆ. ಸೌಟು ಇಳಿಸಿದೆ.
ಕುರ್ಚಿಯ ನಾಲ್ಕೂ ಸ್ಕ್ರೂ ಬಿಗಿದೆ.
ಬಸ್ಸಾಗಿದ್ದರೆ ಇಷ್ಟು ಹೊತ್ತಿಗೆ ರೂಟಿಗೆ ಬಿಟ್ಟಿರುತ್ತಿದ್ದೆ.
ಸಿಕ್ಕಿದ್ದು ನಾಲ್ಕು ಗಂಟೆಗೆ. ಹಾಸಿಗೆ ಬೀಳದಿರಲೆಂದು
ಸಾಬರು ಊರೆ ಕೊಟ್ಟಿದ್ದ ಕಮಾನು,
ಹತ್ತಿಯ ಮೆಷಿನ್ನು ಬಂದ ಮೇಲೆ ಯಾರೂ ಮಿಡಿಯದ್ದು.
ನರದ ತಂತಿ. ಬೆರಳಿಟ್ಟರೆ ಸುಮ್ಮನಾಯಿತು,
ತೆಗೆದರೆ ಮತ್ತೆ ಹೂಂ.

ಹೊರಗಿಟ್ಟು ಒಂದು ಸಲ ನುಡಿಸಿದೆ, ಒಳಗಿಟ್ಟು ಒಂದು ಸಲ.

ಭಾನುವಾರ ಬೆಳಿಗ್ಗೆ ಎರಡನ್ನೂ ಎಡಗಿವಿಗೆ ಕೇಳಿಸಿದೆ.
ಮೊದಲನೆಯದಕ್ಕೆ ತಲೆಯಾಡಿಸಿದರು: "ಸಾಫ್ ಐತೆ."
ಎರಡನೆಯದು ಮುಗಿದ ಮೇಲೂ
ಹೆಡ್‌ಫೋನು ತೆಗೆಯಲಿಲ್ಲ.
ಆಮೇಲೆ, "ಹಾಸಿಗೆ ಸುತ್ತಮ್ಮ, ಟೆಂಪೋ ಬಂತು" ಅಂದರು.

ಕೋಣೆ ಮತ್ತೆ ಬರಿಗೊಡ.
ಫ್ರಿಜ್ಜು ಹಾಕಲು ಮರೆತು ಹಾಲು ಒಡೆದಿದೆ.
ಹೊಳೆನರಸೀಪುರದಲ್ಲಿ ಯಾರೋ ಹೊಸಬರಿಬ್ಬರು
ನನ್ನ ಹದಿನೇಳು ತಪ್ಪು ನುಡಿತಗಳನ್ನು ಕುಡಿದ ಹತ್ತಿಯ ಮೇಲೆ
ಮಗ್ಗುಲು ಬದಲಿಸುತ್ತಿರಬಹುದು.

ಕಮಾನು ಇನ್ನೂ ಬಾಗಿಲ ಹಿಂದಿದೆ.
ಅವರು ಕೇಳಿಲ್ಲ.
ನಾನೂ ಇಳಿಸಿ ಕೊಟ್ಟಿಲ್ಲ.